ಬಾಕ್ಸಿಂಗ್ ಕೈಗವಸು: ರಕ್ಷಣೆ ಯಾರಿಗೆ?

ಮಕ್ಕಳ ಬಾಕ್ಸಿಂಗ್ ಅಭ್ಯಾಸಕ್ಕೆ ಎಂತಹ ಕೈಗವಸು ಕೊಳ್ಳಬೇಕೆಂದು ಯೋಚಿಸುವವರು ಅದರ ಇತಿಹಾಸವನ್ನೂ ಕೊಂಚ ಅರಿತಿರುವುದು ಒಳ್ಳೆಯದು.

ಪ್ರಾಚೀನ ಗ್ರೀಕರು ಎತ್ತಿನ ಚರ್ಮದ ಪಟ್ಟಿಗಳನ್ನು ಕೈಗೆ ಸುತ್ತಿಕೊಂಡು ಸೆಣಸುತ್ತಿದ್ದರು. ರೋಮನ್ನರ ‘ಸೆಸ್ಟಸ್’ಗೆ ಲೋಹವೂ ಸೇರಿ ಅದು ಆಯುಧವೇ ಆಯಿತು. ಆದರೆ 2017ರಲ್ಲಿ ಇಂಗ್ಲೆಂಡಿನ ವಿಂಡೊಲಾಂಡಾ ಎಂಬ ರೋಮನ್ ಕೋಟೆಯಲ್ಲಿ ಕ್ರಿ.ಶ. 120ರ ಸುಮಾರಿನ ಎರಡು ಚರ್ಮದ ಗವಸುಗಳು ದೊರೆತವು. ಒಂದರೊಳಗೆ ಪೆಟ್ಟಿನ ರಭಸ ತಗ್ಗಿಸುವ ಮೆತ್ತೆಯಿತ್ತು. ಇವು ಅಭ್ಯಾಸದ ಗವಸುಗಳಿರಬೇಕೆಂದು ಶೋಧಕರ ಅಭಿಪ್ರಾಯ.

ಲಂಡನ್ನಿನ ಜ್ಯಾಕ್ ಬ್ರೌಟನ್ 1747ರ ಸುಮಾರಿಗೆ ತನ್ನ ಶಿಷ್ಯರ ಮುಖಕ್ಕೆ ಗಾಯವಾಗದಿರಲೆಂದು ‘ಮಫ್ಲರ್’ ಎಂಬ ಮೆತ್ತನೆಯ ಗವಸನ್ನು ಬಳಕೆಗೆ ತಂದನು. ಬಹುಮಾನದ ಪಂದ್ಯಗಳು ಆಗ ಬರಿಗೈಯಲ್ಲೇ ನಡೆಯುತ್ತಿದ್ದವು. 1867ರ ಕ್ವೀನ್ಸ್‌ಬೆರಿ ನಿಯಮಗಳು ಪಂದ್ಯಕ್ಕೂ ಗವಸನ್ನು ವಿಧಿಸಿದವು. ಇದರಿಂದ ಕೈಮೂಳೆ ಮುರಿಯುವ ಭಯ ಕಡಿಮೆಯಾಗಿ, ತಲೆಗೆ ಬಲವಾಗಿ ಹೊಡೆಯುವುದು ಸುಲಭವಾಯಿತು. ಮೆತ್ತೆಯು ಚರ್ಮ ಸೀಳುವುದನ್ನು ತಗ್ಗಿಸೀತು. ಮೆದುಳು ಅಲುಗುವುದನ್ನು ತಡೆಯಲಾರದು.

ಇಂದು ವೃತ್ತಿಪರ ಪಂದ್ಯಗಳಲ್ಲಿ ಸಾಮಾನ್ಯವಾಗಿ 8 ಅಥವಾ 10 ಔನ್ಸಿನ ಗವಸುಗಳಿರುತ್ತವೆ. ಜೊತೆಗಾರನೊಡನೆ ಅಭ್ಯಾಸ ಮಾಡುವ ವಯಸ್ಕರು ಬಹುತೇಕ 14 ಅಥವಾ 16 ಔನ್ಸಿನವನ್ನು ಧರಿಸುತ್ತಾರೆ. 16 ಔನ್ಸ್ ಎಂದರೆ ಸುಮಾರು 450 ಗ್ರಾಂ. ಮಕ್ಕಳಿಗೆ ತೂಕವನ್ನು ತರಬೇತುದಾರರೇ ಹೇಳಲಿ. ಕೈಗೆ ಬಟ್ಟೆಯ ಪಟ್ಟಿ ಸುತ್ತಿದ ಮೇಲೆಯೇ ಅಳತೆ ನೋಡಬೇಕು. ಮರಳುಚೀಲಕ್ಕೆ ಹೊಡೆದು ಮೆತ್ತೆ ಸವೆದ ಗವಸನ್ನು ಜೊತೆಗಾರನ ಮೇಲೆ ಬಳಸಲೇಬಾರದು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮಗುವಿಗೆ ಗವಸು ಆರಿಸುವಾಗ ಎದುರು ನಿಲ್ಲುವ ಮಗುವನ್ನೂ ನೆನೆಯಿರಿ. ಬ್ರೌಟನ್ನನು ಗವಸು ಹೊಲಿಸಿದ್ದು ಅಂತಹ ಶಿಷ್ಯರಿಗಾಗಿಯೇ.