ಉಡಿದಾರವೂ ಹೆರಿಗೆ ಪುಸ್ತಕವೂ

ಮಗುವಿನ ತೂಕವನ್ನು ಬಾಯಿಬಿಟ್ಟು ಹೇಳಿದರೆ ನಮ್ಮ ಅಜ್ಜಿಗೆ ಆಗುತ್ತಿರಲಿಲ್ಲ; ದೃಷ್ಟಿ ತಾಗೀತೆಂಬ ಭಯ. ಆದರೆ 1949ರಲ್ಲಿ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ತಮ್ಮ ಹಿರಿಯ ಮಗ, ಎಂದರೆ ನನ್ನ ತಂದೆ, ಐದೇ ಪೌಂಡು ತೂಗಿದನೆಂಬುದನ್ನು ಮಾತ್ರ ಅವರು ಕೊನೆಯವರೆಗೂ ಮರೆಯಲಿಲ್ಲ. ಆ ಕೊರತೆ ತುಂಬಲೆಂದು ಬೆಣ್ಣೆ ತಿನ್ನಿಸಿದ್ದೇ ತಿನ್ನಿಸಿದ್ದು. ತಂದೆಯವರ ಕೈಕಾಲು ಕಡ್ಡಿಯಾಗಿಯೇ ಉಳಿದವು; ನಲವತ್ತಕ್ಕೆ ಸಕ್ಕರೆ ಕಾಯಿಲೆ ಬಂತು. ತೆಳ್ಳಗಿರುವವನಿಗೆ ಇದೇಕೆ ಬಂತೆಂದು ಮನೆಮಂದಿಯೆಲ್ಲ ಬೆರಗಾದರು.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಇಂದಿನ ಲೆಕ್ಕದ ಮೂಲಪುರುಷ ವೈದ್ಯನಲ್ಲ. ಬೆಲ್ಜಿಯಂ ದೇಶದ ಖಗೋಳಶಾಸ್ತ್ರಜ್ಞ ಅಡಾಲ್ಫ್ ಕೆತ್ಲೆ. ಬೆಳೆದವರ ತೂಕ ಸುಮಾರಾಗಿ ಎತ್ತರದ ವರ್ಗವನ್ನು ಅನುಸರಿಸುತ್ತದೆಂದು ಆತ 1835ರ ತನ್ನ ಗ್ರಂಥದಲ್ಲಿ ಬರೆದ. ಬೆಳೆಯುವ ಮಕ್ಕಳಿಗೆ ಈ ನಿಯಮ ಹಾಗೆಯೇ ಒಗ್ಗದೆಂಬುದನ್ನೂ ಕಂಡಿದ್ದ. ಆತ ಹುಡುಕುತ್ತಿದ್ದುದು ‘ಸರಾಸರಿ ಮನುಷ್ಯ’ನನ್ನು, ಬೊಜ್ಜು ಅವನ ವಿಷಯವೇ ಅಲ್ಲ. ಈ ಲೆಕ್ಕಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರಿಟ್ಟವರು ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು, 1972ರಲ್ಲಿ. ಅವರು ನೋಡಿದ್ದೂ ವಯಸ್ಕ ಗಂಡಸರನ್ನೇ! ಮಕ್ಕಳಿಗೆ ವಯಸ್ಸನ್ನೂ ಗಂಡುಹೆಣ್ಣೆಂಬುದನ್ನೂ ಹಿಡಿದು ಬೇರೆ ಪಟ್ಟಿಗಳು ಬಂದವು, ನಿಜ. ಆದರೂ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು ಎಂಬ ಭೇದ ತಕ್ಕಡಿಗೆ ತಿಳಿಯದಷ್ಟೆ. ಅದಕ್ಕಾಗಿ ತೋಳಿನ ಹಿಂಬದಿಯಲ್ಲೋ ಹೆಗಲಮೂಳೆಯ ಕೆಳಗೋ ಚರ್ಮವನ್ನು ಚಿವುಟಿ ಹಿಡಿದು, ಆ ಮಡಿಕೆಯ ದಪ್ಪವನ್ನು ಇಕ್ಕಳದಂಥ ಉಪಕರಣದಿಂದ ಅಳೆಯುವ ಪದ್ಧತಿಯುಂಟು.

ನಮ್ಮ ಮಿಷನ್ ಆಸ್ಪತ್ರೆ, ಎಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಈ ಚರಿತ್ರೆಯೊಳಕ್ಕೆ ಬರುವುದು ಇಲ್ಲಿಯೇ. 1934ರಿಂದ ಅಲ್ಲಿಯ ಹೆರಿಗೆ ಪುಸ್ತಕಗಳಲ್ಲಿ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವನ್ನು ಬರೆದಿಡುತ್ತಿದ್ದರು. ಬರೆದವರಿಗೆ ಅದು ನಿತ್ಯದ ಕೆಲಸ. ಅರ್ಧ ಶತಮಾನದ ಮೇಲೆ ಅದೇ ನಿಧಿಯಾಯಿತು. ಆ ಕೂಸುಗಳಲ್ಲಿ 517 ಮಂದಿಯನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಐದೂವರೆ ಪೌಂಡಿಗಿಂತ ಮೇಲೇರದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ. 7 ಪೌಂಡು ಮತ್ತು ಮೇಲ್ಪಟ್ಟವರಲ್ಲಿ 3 ಮಂದಿಗೆ. ಮುಂದೆ ಅಲ್ಲಿಯೇ ಹೊಸ ಪೀಳಿಗೆಯ ಕೂಸುಗಳನ್ನು ಚಿವುಟಿ ಅಳೆದರು. ಇಂಗ್ಲೆಂಡಿನ ಕೂಸುಗಳಿಗಿಂತ ಇವು ಎಲ್ಲದರಲ್ಲೂ ಚಿಕ್ಕವು. ಬೆನ್ನ ಮೇಲಿನ ಕೊಬ್ಬು ಮಾತ್ರ ಅಷ್ಟು ಕಡಿಮೆಯಿಲ್ಲ. ಪುಣೆಯ ಸುತ್ತಿನ ಹಳ್ಳಿಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಸರಾಸರಿ 2.7 ಕಿಲೋ ತೂಗುವ ಕೂಸು, ಮಾಂಸಖಂಡ ಕಡಿಮೆ, ಕೊಬ್ಬಿಗೆ ಬರವಿಲ್ಲ.

ಮೊನ್ನೆ ನನ್ನ ಹತ್ತು ವರ್ಷದ ಮಗನ ಶಾಲೆಯ ಆರೋಗ್ಯ ಚೀಟಿಯಲ್ಲಿ ‘ತೂಕ ಸರಿಯಾಗಿದೆ’ ಎಂದಿತ್ತು. ಪರಿಚಿತ ವೈದ್ಯರು ಮಾತ್ರ, ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮುಟ್ಟಬಾರದು, ಅದನ್ನೂ ನೋಡಿ ಎಂದರು. ಮನೆಯಲ್ಲಿ ಅವನ ಎತ್ತರಕ್ಕೆ ದಾರ ಹಿಡಿದು, ಎರಡಾಗಿ ಮಡಿಚಿ, ಸೊಂಟಕ್ಕೆ ಸುತ್ತಿದೆ. ಎರಡು ಬೆರಳು ಸಾಲದೆ ಬಂತು. ಹಬ್ಬಹಬ್ಬಕ್ಕೂ ಅಜ್ಜಿ ನನ್ನ ಉಡಿದಾರವನ್ನು ಸಡಿಲಿಸಿ ಕಟ್ಟುತ್ತ ಹಿಗ್ಗುತ್ತಿದ್ದುದು ನೆನಪಾಯಿತು.

ಆರಾಮಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ತಂದೆಯವರು ಎದ್ದುಬಂದು, “ನನಗೂ ಒಂದು ಸಲ ಹಿಡಿದು ನೋಡಪ್ಪಾ” ಎಂದರು. ಕಡ್ಡಿಯಂಥ ಆ ದೇಹಕ್ಕೆ ನಾಲ್ಕು ಬೆರಳು ಸಾಲಲಿಲ್ಲ.