ಲಾ ರಿಸರ್ವ್ (ನಂದಿ ತಪ್ಪಲಿನ ಕೆಂಪು ವೈನ್)

ದೊಡ್ಡಬಳ್ಳಾಪುರದ ಸಮೀಪ, ನಂದಿಬೆಟ್ಟದ ತಪ್ಪಲಿನ ಗ್ರೋವರ್ ದ್ರಾಕ್ಷಿ ತೋಟದಲ್ಲಿ ತಯಾರಾಗುವ ಕೆಂಪು ವೈನ್. ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ಎಂಬ ಎರಡು ಫ್ರೆಂಚ್ ತಳಿಗಳ ರಸವನ್ನು ಬೆರೆಸಿ, ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ಮಾಗಿಸಿ ಸೀಸೆಗೆ ತುಂಬುತ್ತಾರೆ. ಇದನ್ನು ಬೋರ್ಡೊ ಶೈಲಿಯ ವೈನ್ ಎಂದು ಕರೆಯುವುದುಂಟು. ಆ ಮಾತು ಅರ್ಧದಷ್ಟು ಮಾತ್ರ ಸರಿ. ಕರ್ನಾಟಕದ ಕೆಂಪು ವೈನ್‌ಗಳಲ್ಲಿ ಹೊರದೇಶದ ರುಚಿಜ್ಞರು ಮೊದಮೊದಲು ಗಮನಿಸಿದವುಗಳಲ್ಲಿ ಇದೂ ಒಂದು.

ಹುಟ್ಟು

ಫ್ರಾನ್ಸಿನೊಡನೆ ಯಂತ್ರೋಪಕರಣಗಳ ವ್ಯಾಪಾರ ಮಾಡುತ್ತಿದ್ದ ಉದ್ಯಮಿ ಕನ್ವಲ್ ಗ್ರೋವರ್, ಶಾಂಪೇನ್ ಸೀಮೆಯ ಮಮ್ ಸಂಸ್ಥೆಯಲ್ಲಿದ್ದ ತಂತ್ರಜ್ಞ ಜಾರ್ಜ್ ವೆಸೆಲ್ ಅವರೊಡನೆ ಸೇರಿ ಭಾರತದಲ್ಲಿ ವೈನ್ ದ್ರಾಕ್ಷಿಗೆ ಒಗ್ಗುವ ನೆಲ ಹುಡುಕಿದರು. ಹಲವು ತಳಿಗಳನ್ನು ಬೆಳೆದು ನೋಡಿದ ಮೇಲೆ ನಂದಿ ತಪ್ಪಲು ಗೊತ್ತಾಯಿತು. 1988ರಲ್ಲಿ ತೋಟ ಹಾಕಿದರು, 1992ರಲ್ಲಿ ಮೊದಲ ವೈನ್ ಹೊರಬಂತು. 1990ರ ದಶಕದ ನಡುವಿನಿಂದ ಬೋರ್ಡೊ ಸೀಮೆಯ ಪೊಮೆರೋಲ್‌ನ ಮಿಶೆಲ್ ರೋಲಾಂ ಸಲಹೆಗಾರರಾದರು. ಲಾ ರಿಸರ್ವ್‌ಗೆ ಇಂದಿನ ರೂಪ ಬಂದದ್ದು ಬಹುಮಟ್ಟಿಗೆ ಅವರ ಕೈಯಿಂದ ಎನ್ನಬಹುದು. ಲಂಡನ್ನಿನ ಡಿಕ್ಯಾಂಟರ್ ಪತ್ರಿಕೆಯ ಸ್ಟೀವನ್ ಸ್ಪರಿಯರ್ ಮೆಚ್ಚಿದ ಮೇಲೆ ಇದರ ಹೆಸರು ಹೊರಗೂ ಹಬ್ಬಿತು. ಫ್ರೆಂಚ್ ಮತ್ತು ಕ್ಯಾಲಿಫೋರ್ನಿಯಾ ವೈನ್‌ಗಳನ್ನು ಎದುರುಬದುರಿಟ್ಟ 1976ರ ಪ್ಯಾರಿಸ್ ಪರೀಕ್ಷೆಯನ್ನು ಏರ್ಪಡಿಸಿದವರು ಈ ಸ್ಪರಿಯರ್ ಅವರೇ. 2012ರಲ್ಲಿ ಗ್ರೋವರ್ ಸಂಸ್ಥೆ ನಾಸಿಕ್ ಕಡೆಯ ಜಾಂಪಾದೊಡನೆ ವಿಲೀನವಾಯಿತು.

ಎರಡು ತಳಿಗಳ ಹಿಂದಿನ ಚರಿತ್ರೆ

ಇಂದಿನ ಬೋರ್ಡೊದಲ್ಲಿ ಕ್ಯಾಬರ್ನೆಯ ಜೊತೆಗೆ ಮುಖ್ಯವಾಗಿ ಮೆರ್ಲೊ, ಕ್ಯಾಬರ್ನೆ ಫ್ರಾಂ, ಸ್ವಲ್ಪ ಪೆಟಿ ವೆರ್ದೊ ಬೆರೆಯುತ್ತವೆ. ಶಿರಾಜ್‌ಗೆ (ಫ್ರಾನ್ಸಿನಲ್ಲಿ ಸಿರಾ) ಅಲ್ಲಿ ಜಾಗವಿಲ್ಲ, ನಿಯಮವೇ ಬಿಡುವುದಿಲ್ಲ. ಹಾಗೆಂದು ನಂದಿಯ ಮಿಶ್ರಣ ಪರಂಪರೆ ತಪ್ಪಿದ್ದು ಎಂದು ತೀರ್ಮಾನಿಸಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಬೋರ್ಡೊ ವರ್ತಕರು ತಮ್ಮ ತೆಳು ವೈನ್‌ಗೆ ರೋನ್ ಕಣಿವೆಯ ಹರ್ಮಿಟಾಜ್ ಗುಡ್ಡದ ಸಿರಾ ವೈನನ್ನು ಪೀಪಾಯಿಗಟ್ಟಲೆ ತರಿಸಿ ಬೆರೆಸುತ್ತಿದ್ದರು. ಇಂಗ್ಲೆಂಡಿನ ಗಿರಾಕಿಗೆ ಬಣ್ಣ ಗಾಢವಾಗಿರಬೇಕು, ಮೈ ತುಂಬಿರಬೇಕು. ಬೆರೆಸದ ಸರಕಿಗೆ ಅಲ್ಲಿ ಅಷ್ಟು ಬೆಲೆ ಸಿಗುತ್ತಿರಲಿಲ್ಲ. ಇದು ಕದ್ದು ಮಾಡಿದ ಕಲಬೆರಕೆಯೇನೂ ಆಗಿರಲಿಲ್ಲ, ದೊಡ್ಡ ಮನೆತನಗಳ ವೈನಿಗೂ ಹೀಗೆಯೇ ನಡೆಯುತ್ತಿತ್ತು. 1936ರಲ್ಲಿ ಬೋರ್ಡೊಗೆ ಮೂಲಸ್ಥಾನದ ಕಾನೂನು ಬಂದ ಮೇಲೆ ಇಂಥ ಬೆರಕೆಗೆ ಆ ಹೆಸರಿನಡಿ ದಾರಿ ಮುಚ್ಚಿತು.

ಮುಚ್ಚಿದ ದಾರಿ ಬೇರೆಡೆ ತೆರೆಯಿತು. ಪ್ರೊವಾಂಸ್ ಸೀಮೆಯಲ್ಲಿ ಎಲುವಾ ದ್ಯೂರ್‌ಬಾಕ್ 1973ರಲ್ಲಿ ಟ್ರೆವಾಲೋಂ ತೋಟದಲ್ಲಿ ಇದೇ ಜೋಡಿಯನ್ನು ನೆಟ್ಟರು. ಮುಂದೆ ಅಲ್ಲಿನ ನಿಯಮ ಕ್ಯಾಬರ್ನೆಗೆ ಮಿತಿ ಹಾಕಿದಾಗ, ಮಿಶ್ರಣ ಬದಲಿಸುವ ಬದಲು ಮೇಲ್ದರ್ಜೆಯ ಹಣೆಪಟ್ಟಿಯನ್ನೇ ಬಿಟ್ಟುಕೊಟ್ಟರು. ಆಸ್ಟ್ರೇಲಿಯಾದಲ್ಲಿ ಪೆನ್‌ಫೋಲ್ಡ್ಸ್‌ನ ಮ್ಯಾಕ್ಸ್ ಶೂಬರ್ಟ್ 1960ರಲ್ಲಿ ಬಿನ್ 389 ಮೂಲಕ ಇದನ್ನೇ ಜನಪ್ರಿಯಗೊಳಿಸಿದರು. ಆದ್ದರಿಂದ ಲಾ ರಿಸರ್ವ್‌ನ ವಂಶ ಇಂದಿನ ಬೋರ್ಡೊಗಿಂತ ಹಳೆಯ ಬೋರ್ಡೊಗೆ ಹತ್ತಿರ ಎಂಬುದು ಈ ಲೇಖಕನ ಅಭಿಪ್ರಾಯ. ಶಿರಾಜ್ ಇರಾನಿನಿಂದ ಬಂದದ್ದು ಎಂಬ ಕಥೆಗೆ ಮಾತ್ರ ಆಧಾರವಿಲ್ಲ: ಅದರ ತಂದೆತಾಯಿ ಎರಡೂ ಫ್ರಾನ್ಸಿನ ತಳಿಗಳೇ ಎಂದು 1990ರ ದಶಕದ ಕೊನೆಯಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು.

ನೆಲ ಮತ್ತು ಬೇಸಾಯ

ಬೋರ್ಡೊ 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ನಂದಿ 13ರ ಆಸುಪಾಸಿನಲ್ಲಿ. ಅಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ. ಇಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಸವರಬೇಕು. ವಿಜಯಪುರದ ಕಡೆಯ ಬೆಳೆಗಾರರು ಚಾಟ್ನಿ ಎನ್ನುವುದು ಇದನ್ನೇ. ಬೇಸಿಗೆಯ ಚಾಟ್ನಿ ಕಡ್ಡಿ ಬೆಳೆಸಲು, ಮಳೆಗಾಲ ಹಿಂದೆಗೆಯುವ ಹೊತ್ತಿನದು ಹಣ್ಣಿಗೆ. ಎರಡನೆಯದಾದ ಕೂಡಲೇ ಕೈಗವಸು ತೊಟ್ಟ ಆಳುಗಳು ಹೈಡ್ರೋಜನ್ ಸಯನಮೈಡ್ ದ್ರಾವಣದಲ್ಲಿ ಬಟ್ಟೆ ಅದ್ದಿ, ಕಡ್ಡಿಯ ಒಂದೊಂದು ಕಣ್ಣಿಗೂ ಒರೆಸುತ್ತಾ ಸಾಲು ಮುಗಿಸುತ್ತಾರೆ. ಹಾಗೆ ಮಾಡದಿದ್ದರೆ ತುದಿಯ ಕಣ್ಣು ಮೊದಲು ಒಡೆದು ಉಳಿದವು ಹಿಂದೆ ಬೀಳುತ್ತವೆ, ಗೊಂಚಲುಗಳು ಒಟ್ಟಿಗೆ ಮಾಗುವುದಿಲ್ಲ. ಕೊಯ್ಲು ಬೇಸಿಗೆ ಕಾಲಿಡುವ ತಿಂಗಳುಗಳಲ್ಲಿ.

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಈ ತಪ್ಪಲಿನಲ್ಲಿ ರಾತ್ರಿ ತಂಪಾಗುವುದರಿಂದ ಹಣ್ಣಿನ ಹುಳಿ ಅಷ್ಟಿಷ್ಟು ಉಳಿಯುತ್ತದೆ. ಸುತ್ತಲಿನ ರೈತರು ತಲೆಮಾರುಗಳಿಂದ ಬೆಳೆದ, 2013ರಲ್ಲಿ ಭೌಗೋಳಿಕ ಸೂಚಕ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಈ ವೈನ್‌ಗೆ ಸೇರುವುದಿಲ್ಲ. ಅದರ ಘಾಟು ಪರಿಮಳ ಬೇರೆಯೇ ಜಾತಿಯದು.

ಗುಣ ಮತ್ತು ಸೊಗಸು

ಕ್ಯಾಬರ್ನೆ ಒಗರು ಕೊಡುತ್ತದೆ, ಹಣ್ಣು ಬಲಿಯದಿದ್ದರೆ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆಯನ್ನೂ ಕೊಡುತ್ತದೆ. ಶಿರಾಜ್ ಆ ಒಗರಿನ ಸುತ್ತ ತುಂಬಿಕೊಂಡು ಮೈ ಮೃದು ಮಾಡುತ್ತದೆ. ಶಿರಾಜ್‌ನ ಕರಿಮೆಣಸಿನ ವಾಸನೆಗೆ ಕಾರಣ ರೋಟಂಡೋನ್ ಎಂಬ ವಸ್ತು. ಕರಿಮೆಣಸಿನಲ್ಲಿ ಇರುವುದೂ ಅದೇ. ಸಕಲೇಶಪುರದ ಮೆಣಸು ಕುಟ್ಟಿ ಗೊತ್ತಿರುವವರಿಗೆ ಗುರುತು ಸಿಗಲು ಹೊತ್ತಾಗದು. ಓಕ್ ಪೀಪಾಯಿ ವೆನಿಲಾ, ಲವಂಗದ ಛಾಯೆ ಸೇರಿಸಿ, ಮರದ ಸಂದಿನಿಂದ ಹನಿಹನಿ ಗಾಳಿ ಆಡಿಸಿ ಒಗರನ್ನು ಪಳಗಿಸುತ್ತದೆ.

ಸೀಸೆಯಲ್ಲಿ ಮಾಗಿದ್ದನ್ನು ಬಿಳಿ ಬಟ್ಟೆಯ ಮೇಲೆ ಲೋಟ ಓರೆಹಿಡಿದು ನೋಡಬೇಕು. ಎಳೆಯ ವೈನಿನ ಅಂಚು ನೇರಳೆ, ಮಾಗಿದ್ದು ಇಟ್ಟಿಗೆ ಕೆಂಪು. ಬಣ್ಣ ಮತ್ತು ಒಗರಿನ ಅಣುಗಳು ಒಂದಕ್ಕೊಂದು ಹೆಣೆದು ಭಾರವಾಗಿ ತಳದಲ್ಲಿ ಗಸಿಯಾಗಿ ಕೂರುತ್ತವೆ. ಗಸಿ ಕೆಟ್ಟದ್ದರ ಗುರುತಲ್ಲ. ಹಿಂದಿನ ದಿನವೇ ಸೀಸೆಯನ್ನು ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಬಗ್ಗಿಸಿದರೆ ಸಾಕು. ಊಟಕ್ಕೆ ಮೆಣಸು ಅರೆದು ಹಾಕಿದ ಕೋಳಿ ಅಥವಾ ಹುರಿದ ಕುರಿಮಾಂಸ ಒಪ್ಪುತ್ತದೆ. ಒಣಮೆಣಸಿನಕಾಯಿಯ ಖಾರ ಜಾಸ್ತಿಯಾದರೆ ಒಗರೂ ಮದ್ಯದ ಉರಿಯೂ ನಾಲಿಗೆಗೆ ಎದ್ದು ಬಡಿಯುತ್ತವೆ.

ಇತರೆಡೆ

2007ರ ರಾಜ್ಯ ವೈನ್ ನೀತಿಯ ನಂತರ ತೋಟಗಳು ಹೆಚ್ಚಿದವು. ಮೈಸೂರು ಕಡೆಯ ಆಲ್ಪೈನ್ ತೋಟಕ್ಕೆ ಬೋರ್ಡೊದ ಸ್ಟೆಫಾನ್ ದೆರೆನೊಂಕೂರ್ ಸಲಹೆ ನೀಡಿದ್ದಾರೆ. ಹಂಪಿ ಬೆಟ್ಟಗಳ ಕೃಷ್ಮಾ ತೋಟದ ಕ್ಯಾಬರ್ನೆಗೂ ಹೆಸರಿದೆ.

ಎಷ್ಟು ಕಾಲ ಇಡಬಹುದು

ಬೋರ್ಡೊದ ಮೇಲ್ದರ್ಜೆಯ ವೈನ್ ದಶಕಗಳ ಕಾಲ ಮಾಗುತ್ತದೆ. ನಂದಿಯ ಹಣ್ಣಿನಲ್ಲಿ ಹುಳಿ ಅಷ್ಟಿರುವುದಿಲ್ಲ, ಅಷ್ಟು ದೀರ್ಘಾಯುಷ್ಯವನ್ನು ನಿರೀಕ್ಷಿಸುವುದು ಸಲ್ಲದು. ಕೊಯ್ಲಿನಿಂದ ಮೂರರಿಂದ ಐದು ವರ್ಷದೊಳಗೆ ಇದು ಬಹುಶಃ ತನ್ನ ಅತ್ಯುತ್ತಮ ಹದದಲ್ಲಿರುತ್ತದೆ. ಅದೂ 12ರಿಂದ 15 ಡಿಗ್ರಿ ತಂಪಿನಲ್ಲಿ ಮಲಗಿಸಿ ಇಟ್ಟರೆ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿ ಏಪ್ರಿಲ್ ಬಿಸಿಲು 30 ಡಿಗ್ರಿ ಸುಲಭವಾಗಿ ದಾಟುತ್ತದೆ. ತಂಪುಪೆಟ್ಟಿಗೆ ಇಲ್ಲದ ಮನೆಯಲ್ಲಿ ಅಟ್ಟದ ಮೇಲಿಟ್ಟ ಸೀಸೆ ಮಾಗುವುದಿಲ್ಲ, ಬೇಯುತ್ತದೆ. ಕೊಳ್ಳುವಾಗ ಚೀಟಿಯ ಮೇಲಿನ ಕೊಯ್ಲಿನ ವರ್ಷ ನೋಡಿ. ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ನಿಂತದ್ದನ್ನು ಬಿಟ್ಟು, ಹಿಂದಿನ ಸಾಲಿನದನ್ನು ಕೇಳಿ ತೆಗೆದುಕೊಳ್ಳಿ.