‘ಕಠಿಣ’ ಎಂಬ ಮಾತಿಗೆ ಮತ ಬಿದ್ದ ಕಥೆ

ಗಣಕಯಂತ್ರಶಾಸ್ತ್ರವನ್ನು ಓದುವ ನಮ್ಮ ಮಕ್ಕಳ ಬಾಯಲ್ಲಿ ‘ಎನ್.ಪಿ. ಹಾರ್ಡ್’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಾಗೆಂದರೆ ಬಿಡಿಸಲಾರದ ಲೆಕ್ಕವೆಂದು ಹಲವರ ಭಾವನೆ. ವಾಸ್ತವವಾಗಿ ಹಾಗಲ್ಲ.

ಬ್ಯಾಂಕಿನಲ್ಲಿ ದುಡಿಯುವ ನಾವು ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಸಂಜೆಯ ಲೆಕ್ಕ ತಾಳೆಯಾಗದೆ 4,870 ರೂಪಾಯಿ ವ್ಯತ್ಯಾಸ ಉಳಿಯಿತೆನ್ನಿ. ಮುಂದಿರುವ ವೋಚರುಗಳಲ್ಲಿ ಯಾವ ಯಾವುದನ್ನು ಕೂಡಿದರೆ ಸರಿಯಾಗಿ ಆ ಮೊತ್ತ ಬಂದೀತು? ಯಾರಾದರೂ 7 ವೋಚರುಗಳನ್ನು ಆರಿಸಿಕೊಟ್ಟರೆ ಕೂಡಿ ನೋಡುವುದು ಒಂದು ನಿಮಿಷದ ಕೆಲಸ. ಆ ಏಳನ್ನು ಹುಡುಕುವುದೋ! 20 ವೋಚರುಗಳಿದ್ದರೆ 10,48,576 ಬಗೆಯ ಆಯ್ಕೆಗಳು. 30 ಆದರೆ 107 ಕೋಟಿಗೂ ಮಿಕ್ಕು. ಒಂದು ವೋಚರು ಹೆಚ್ಚಿದರೆ ಆಯ್ಕೆಗಳು ಇಮ್ಮಡಿ. ಹೀಗೆ, ಉತ್ತರ ಕೈಗೆ ಬಂದ ಮೇಲೆ ಬೇಗ ತಾಳೆ ನೋಡಬಹುದಾದ ಲೆಕ್ಕಗಳ ವರ್ಗಕ್ಕೆ ‘ಎನ್.ಪಿ.’ ಎಂದು ಹೆಸರು.

ತರ್ಕಶಾಸ್ತ್ರದ ಒಂದು ಲೆಕ್ಕಕ್ಕೆ ಶೀಘ್ರಮಾರ್ಗ ದೊರೆತರೆ, ಎಂದರೆ ಕೆಲಸವು ಹೀಗೆ ಇಮ್ಮಡಿಸುತ್ತ ಹೋಗದ ಮಾರ್ಗ ದೊರೆತರೆ, ಈ ವರ್ಗದ ಸಮಸ್ತ ಲೆಕ್ಕಗಳಿಗೂ ಅದು ದೊರೆತಂತೆಯೇ ಎಂದು 1971ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಸ್ಟೀಫನ್ ಕುಕ್ ತೋರಿಸಿಕೊಟ್ಟರು. ಮರುವರ್ಷ ಬರ್ಕ್ಲಿಯ ರಿಚರ್ಡ್ ಕಾರ್ಪ್ ಅಂತಹವೇ 21 ಲೆಕ್ಕಗಳನ್ನು ಪಟ್ಟಿಮಾಡಿದರು. ನಮ್ಮ ವೋಚರಿನ ಲೆಕ್ಕವೂ ಅದರಲ್ಲುಂಟು. ಸೋವಿಯತ್ ದೇಶದ ಲಿಯೊನಿದ್ ಲೆವಿನ್ ಸ್ವತಂತ್ರವಾಗಿ ಇದೇ ವಿಷಯವನ್ನು ಕಂಡು 1973ರಲ್ಲಿ ಪ್ರಕಟಿಸಿದರು.

ಲೆಕ್ಕಗಳೇನೋ ಸಿಕ್ಕವು, ಎಲ್ಲರೂ ಒಪ್ಪಿದ ಹೆಸರಿರಲಿಲ್ಲ. ಡೊನಾಲ್ಡ್ ಕ್ನೂತ್ ಎಂಬ ವಿದ್ವಾಂಸರು ತಮ್ಮ ಕ್ಷೇತ್ರದವರಿಗೆ ಮತಪತ್ರವನ್ನೇ ಕಳುಹಿಸಿದರು. ಅವರು ಮುಂದಿಟ್ಟ ಮೂರು ಪದಗಳಲ್ಲೊಂದು ಗ್ರೀಕ್ ಪುರಾಣದ ಹರ್ಕ್ಯುಲಿಸನ ಹೆಸರಿನದು. ನಮ್ಮವರಾಗಿದ್ದರೆ ಭಗೀರಥನನ್ನು ಕರೆಯುತ್ತಿದ್ದರೇನೋ! ಮೂರೂ ಸೋತವು. ಮತ್ತೊಬ್ಬರು, ಕುಕ್ ಎಂದರೆ ಅಡುಗೆಯವನಲ್ಲವೇ ಎಂದು, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಗೆ ಇಂಗ್ಲಿಷಿನಲ್ಲಿ ಹೇಳುವ ಮಾತನ್ನೇ ಸೂಚಿಸಿದ್ದರು. 1974ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾದಾಗ ಗೆದ್ದದ್ದು ಸಪ್ಪೆಯಾದ ‘ಹಾರ್ಡ್’.

ಸಪ್ಪೆಯಾದರೂ ಪ್ರಾಮಾಣಿಕವಾದ ಮಾತು. ‘ಆ ವರ್ಗದ ಯಾವ ಲೆಕ್ಕಕ್ಕೂ ಕಡಿಮೆಯಿಲ್ಲದಷ್ಟು ಕಠಿಣ’ ಎಂಬಿಷ್ಟೇ ಅದರ ಅರ್ಥ. ಇದು ಹೋಲಿಕೆ, ತೀರ್ಪಲ್ಲ. ಶೀಘ್ರಮಾರ್ಗ ಇಲ್ಲವೇ ಇಲ್ಲವೆಂದು ಈವರೆಗೆ ಯಾರೂ ಸಾಧಿಸಿಲ್ಲ. ಇದನ್ನು ಇತ್ಯರ್ಥಮಾಡಿದವರಿಗೆಂದು ಕ್ಲೇ ಗಣಿತ ಸಂಸ್ಥೆಯು 2000ದಲ್ಲಿ ಸಾರಿದ 10 ಲಕ್ಷ ಡಾಲರು ಹಾಗೆಯೇ ಉಳಿದಿದೆ. ನಾವು ತಿಂಗಳು ತಿಂಗಳೂ ಫೋನಿನಲ್ಲಿ ಊರಿಗೆ ಕಳುಹಿಸುವ ಹಣಕ್ಕೆ ಕಾವಲಿರುವ ಗುಪ್ತಸಂಕೇತಗಳು ಕೂಡ, ಕೀಲಿಯನ್ನು ತಾಳೆ ನೋಡುವುದು ಸುಲಭ, ಹುಡುಕುವುದು ಕಠಿಣ ಎಂಬ ಇನ್ನೂ ಸಾಧಿತವಾಗದ ನಂಬಿಕೆಯ ಮೇಲೆಯೇ ನಿಂತಿವೆ.